ತೋಪಿನ ಪಕ್ಕ ನಿಂತ ಗುರುರಾಜ

ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಗುರುರಾಜನ ನಡುನೆತ್ತಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಬಡಿದು ಹೋಗಿದ್ದರೆ ಬೇರೆ ಮಾತು. ಇದು ಆರಾಮಾಗಿ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಗೂಡು ಕಟ್ಟಲು ಇಲ್ಲಿ ಕೂದಲು ಸಾಲದು ಎಂದು ತೀರ್ಮಾನಿಸಿದಂತೆ ಹಾರಿಹೋಯಿತು. ಯಾರೂ ನೋಡದಿದ್ದರೆ ಗುರುರಾಜ ನೆತ್ತಿ ತೊಳೆದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಹಿಂದೆಯೇ ಅವನ ಅತ್ತೆ ಸಾವಿತ್ರಮ್ಮ ತುಳಸಿಗೆ ನೀರು ಹಾಕುತ್ತಿದ್ದರು. ಅವರ ಕೈಯಲ್ಲಿದ್ದ ತಂಬಿಗೆ ಠಣ್ಣನೆ ನೆಲಕ್ಕೆ ಬಿತ್ತು.

"ಸುಹಾಸಿನೀ! ಲಗೂನ ಬಾ! ನಿನ್ನ ಗಂಡನ ತಲಿ ಮ್ಯಾಲ ಕಾಗಿ ಕೂತಿತ್ತು!"

ಸುಹಾಸಿನಿ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಓಡಿಬಂದಳು. ಗುರುರಾಜನ ಬಾಯಿ ತುಂಬ ಪೇಸ್ಟಿನ ನೊರೆ. ಅದನ್ನು ಕಂಡು, ಕಾಗೆ ಆಗಲೇ ತನ್ನ ಕೆಲಸ ಮುಗಿಸಿತೋ ಏನೋ ಎಂದು ಅವಳ ಎದೆ ಧಸಕ್ಕೆಂದಿತು.

ಕಲಬುರಗಿ ಕಡೆಯ ಈ ಮನೆತನದವರು ಹೈದರಾಬಾದಿಗೆ ಬಂದು ಮೂರು ತಲೆಮಾರಾಗಿತ್ತು. ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಮನೆಯೊಳಗೆ ಕನ್ನಡ ಎಂದು ನಾಲಿಗೆಗೆ ಪಾಳಿ ಹಾಕಿಕೊಂಡಿದ್ದರೂ ಕಾಗೆಯ ವಿಷಯದಲ್ಲಿ ಮಾತ್ರ ಹಿರಿಯರ ಪದ್ಧತಿಯೇ ನಡೆಯುತ್ತಿತ್ತು. ಕಾಗೆ ತಲೆಯ ಮೇಲೆ ಕೂತರೆ ಮೃತ್ಯು ಮನೆಯ ಗುರುತು ಹಾಕಿಕೊಂಡು ಹೋದಂತೆ. ಅದಕ್ಕೆ ಪರಿಹಾರವೂ ಉಂಟು. ಬಂಧುಗಳಲ್ಲಿ ಒಬ್ಬರಿಗೆ 'ಇಂಥವರು ತೀರಿಕೊಂಡರು' ಎಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಒಂದು ಹನಿಯಾದರೂ ಕಣ್ಣೀರು ಹಾಕಬೇಕು. ಅಳು ಕೇಳಿದ ಯಮ, ಇಲ್ಲಿಯ ಕೆಲಸ ಮುಗಿದಿದೆ ಎಂದುಕೊಂಡು ಮುಂದಿನ ಓಣಿಗೆ ಹೋಗುತ್ತಾನೆ. ಆಮೇಲೆ ನಿಜ ಹೇಳಿದರಾಯಿತು. ಅತ್ತವರು ಬೈದು, ನಕ್ಕು, ಚಹಾ ಕುಡಿದು ಮರೆಯುತ್ತಾರೆ.

"ಗಚ್ಚಿಬೌಲಿ ಸುಬ್ಬರಾಯಗ ಫೋನ್ ಹಚ್ಚು," ಎಂದರು ಸಾವಿತ್ರಮ್ಮ. ಗಚ್ಚಿಬೌಲಿ ಬಡಾವಣೆಯ ಸುಬ್ಬರಾಯ ಗುರುರಾಜನ ದೊಡ್ಡಪ್ಪನ ಮಗ. "ಸ್ವಂತ ಅಣ್ಣನಂಗ ಅದಾನ, ಅತ್ತೇ ಅಳ್ತಾನ."

ಗುರುರಾಜ ನೊರೆ ಉಗುಳಿದ. "ಬ್ಯಾಡ್ರಿ ಅತ್ತಿ."

ಹೆಂಗಸರಿಬ್ಬರೂ ಬೆಚ್ಚಿಬಿದ್ದರು. ಕಾಗೆ ಕೂತದ್ದಕ್ಕಿಂತ ಇದು ದೊಡ್ಡ ಆಘಾತ. ಮದುವೆಯಾದಂದಿನಿಂದ ಈ ಮನುಷ್ಯನ ಬಾಯಲ್ಲಿ 'ಬ್ಯಾಡ' ಎಂಬ ಶಬ್ದವನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಏನಂದ್ರಿ?" ಎಂದಳು ಸುಹಾಸಿನಿ.

"ಬ್ಯಾಡ ಅಂದೆ. ನಾ ಜೀವಂತ ಇದ್ದಾಗ ಸತ್ತಾನಂತ ಯಾರಿಗೂ ಹೇಳಬಾರದು. ಇದು ನನ್ನ ಮಾತು. ಇನ್ನ ಬದಲಾಗಂಗಿಲ್ಲ."

ಈ ಧೈರ್ಯ ಅವನಿಗೆ ಹಿಂದಿನ ದಿನವಷ್ಟೇ ಬಂದದ್ದು, ಅದೂ ಇಂಗ್ಲಿಷಿನಿಂದ. ಗುರುರಾಜ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಕಚೇರಿಯಲ್ಲಿ ನೌಕರ. ಅಲ್ಲಿ ಎಲ್ಲರಿಗೂ ವ್ಯಕ್ತಿತ್ವ ವಿಕಸನದ ತರಬೇತಿ ಇಟ್ಟಿದ್ದರು. ಪಾಠ ಮಾಡಲು ಬಂದ ಸಂಯುಕ್ತಾ ಎಂಬ ಚುರುಕು ಹುಡುಗಿ ಹಲಗೆಯ ಮೇಲೆ ದೊಡ್ಡದಾಗಿ 'ಸ್ಟಿಕ್ ಟು ಯುವರ್ ಗನ್ಸ್' ಎಂದು ಬರೆದಳು. ಹಿಂದಿನ ಕಾಲದ ಯುದ್ಧದಲ್ಲಿ ವೈರಿ ಮೈಮೇಲೆ ಬಂದರೂ ತಮ್ಮ ಫಿರಂಗಿ ತೋಪು ಬಿಟ್ಟು ಓಡದೆ ನಿಂತ ಸೈನಿಕರಿಂದ ಹುಟ್ಟಿದ ನುಡಿಗಟ್ಟಂತೆ ಅದು. ಜಗತ್ತೇ ಎದುರಾದರೂ ತಾನು ನಂಬಿದ್ದನ್ನು ಬಿಡದಿರುವುದು ಅದರ ಅರ್ಥ. ವಾಕ್ಯದಲ್ಲಿ ಬಳಸಿ ನೋಡೋಣ ಎಂದು ಅವಳು ಗುರುರಾಜನನ್ನು ಎಬ್ಬಿಸಿದಳು. ಅವನು ಬೆವರುತ್ತ, "ಐ ಸ್ಟಿಕ್ ಟು ಯುವರ್ ಗನ್ಸ್, ಮೇಡಂ" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ವಾಕ್ಯ ತಪ್ಪಿರಬಹುದು, ಆದರೆ ಅದು ಅವನ ಸಂಕ್ಷಿಪ್ತ ಜೀವನಚರಿತ್ರೆಯೇ ಆಗಿತ್ತು. ಯಾರ ತೋಪು ಸಿಕ್ಕಿದರೂ ಅವನು ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದ. ಸಾಹೇಬರು ಬಿಸಿಲು ಎಂದರೆ 'ಹೌದ್ರಿ ಸರ್', ಮಳೆ ಎಂದರೆ ಅದಕ್ಕೂ 'ಹೌದ್ರಿ ಸರ್'.

ನಗು ನಿಂತ ಮೇಲೆ ಮ್ಯಾನೇಜರ್ ರಾಮಕೃಷ್ಣ ಎದ್ದು ಮಾತಾಡಿದರು. ಮೈಸೂರಿನ ಕಡೆಯವರು, ಮಾತು ಬೆಣ್ಣೆ. "ತೋಪು ಬಿಡದ ಜನ ನಮಗೆ ಬೇಕು. ನಾಳೆ ಮಧ್ಯಾಹ್ನ ವಿಭಾಗದ ಮುಖ್ಯಸ್ಥರ ಜಾಗಕ್ಕೆ ಸಂದರ್ಶನ ಇದೆ. ಇದನ್ನು ನೆನಪಿಟ್ಟುಕೊಂಡು ಬನ್ನಿ" ಎಂದರು. ಹೇಳುವಾಗ ತನ್ನನ್ನೇ ನೋಡಿದರು ಎಂದು ಗುರುರಾಜನಿಗೆ ಅನಿಸಿತು. ಆ ಜಾಗಕ್ಕಾಗಿ ಅವನು ಎಷ್ಟೋ ವರ್ಷಗಳಿಂದ ಕಾದಿದ್ದ. ತನಗಿಂತ ಕಿರಿಯರು ಒಬ್ಬೊಬ್ಬರೇ ಮೇಲೆ ಹೋಗಿದ್ದರು, ಅವನು ಎಲ್ಲರಿಗೂ ಹಾರ ಹಾಕಿದ್ದ. ಈ ಸಲ ತಪ್ಪಿದರೆ ನಿವೃತ್ತಿಯ ದಿನ ತನಗೆ ಹಾಕುವ ಹಾರವೇ ಗತಿ. ಅದಕ್ಕೇ ರಾತ್ರಿ ಮಲಗುವ ಮುಂಚೆ ಶಪಥ ಮಾಡಿದ್ದ: ನಾಳೆ ಮುಂಜಾನೆ ಬಾಯಿಂದ ಬರುವ ಮೊದಲ ನಿಲುವನ್ನು ಸಂಜೆಯವರೆಗೆ ಬಿಡುವುದಿಲ್ಲ. ಆ ನಿಲುವು ಕಾಗೆಯ ಮೇಲೆ ಬರುತ್ತದೆ ಎಂದು ಅವನಿಗಾದರೂ ಏನು ಗೊತ್ತು?

ಸುಹಾಸಿನಿ ಅತ್ತಳು. ಸಾವಿತ್ರಮ್ಮ ಉಪ್ಪಿಟ್ಟು ಬಡಿಸಿ, "ತಿನ್ರಿ, ಇನ್ನ ಎಷ್ಟ ಸರ್ತಿ ತಿಂತೀರೋ" ಎಂದರು. ಗುರುರಾಜ ಬಗ್ಗಲಿಲ್ಲ.

ಲಿಫ್ಟಿನಲ್ಲಿ ಮೇಲಿನ ಮನೆಯ ಸೂಗಪ್ಪ ಸಿಕ್ಕ. ಬೀದರ ಕಡೆಯವನು. ಆ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒಲೆ ಆರಿಸಲು ಓಡುವ ಜೀವ. ಸುದ್ದಿ ಆಗಲೇ ಅವನನ್ನು ಮುಟ್ಟಿತ್ತು.

"ಸಾಹೇಬ್ರ, ಹಟ ಮಾಡಬ್ಯಾಡ್ರಿ. ನಮ್ಮ ಕಾಕಾಗೂ ಹಿಂಗ ಕಾಗಿ ಕೂತಿತ್ತು. ಯಾರಿಗೂ ಹೇಳಬ್ಯಾಡ್ರಿ ಅಂದ. ಹೋದ."

ಗುರುರಾಜ ಅವನ ಕಡೆ ತಿರುಗಿದ. "ಅವತ್ತ ಹೋದ್ರೇನು?"

"ಅವತ್ತಲ್ಲ, ಆಮ್ಯಾಲೆ ಭಾಳ ವರ್ಷ ಇದ್ದ. ಆದರ ಕಡೀಕ ಹೋದ ನೋಡ್ರಿ!"

"ನನ್ನ ಮಾತು ಬದಲಾಗಂಗಿಲ್ರಿ ಸೂಗಪ್ಪ," ಎಂದ ಗುರುರಾಜ. ಹೊರಗೆ ಬಂದು ಆಟೋ ಹತ್ತಿದ್ದೇ ತಡ, ಸುಹಾಸಿನಿಯ ಫೋನು ಬಂತು. ಕಟ್ ಮಾಡಿದರೆ ಮತ್ತೆ ಬಂತು. ಅವಳ ಅಳು ಇನ್ನೊಂದು ಸಲ ಕಿವಿಗೆ ಬಿದ್ದರೆ ತನ್ನ ತೋಪು ತುಕ್ಕು ಹಿಡಿಯುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು. ಫೋನನ್ನು ಪೂರ್ತಿ ಬಂದ್ ಮಾಡಿ ಜೇಬಿಗೆ ಹಾಕಿದ. ಬೆನ್ನು ನೆಟ್ಟಗಾಯಿತು.

ಮನೆಯಲ್ಲಿ ಹೇಳದೆ ಮಧ್ಯಾಹ್ನದವರೆಗೆ ರಜೆ ಹಾಕಿದ್ದ. ಸುಲ್ತಾನ್ ಬಜಾರಿನ ದರ್ಜಿಯ ಹತ್ತಿರ ಮದುವೆಯ ಕೋಟು ಕೊಟ್ಟಿದ್ದ. ಸಂದರ್ಶನಕ್ಕೆ ಅದನ್ನೇ ಹಾಕಿಕೊಂಡು ಹೋಗಬೇಕು. ಹೊಟ್ಟೆಯ ಹತ್ತಿರ ಬಿಡಿಸು ಎಂದು ಹೇಳಿದ್ದರೆ ದರ್ಜಿ ಮಾಸ್ಟರ್ ಇನ್ನಷ್ಟು ಹಿಡಿದು ಹೊಲಿದಿದ್ದ. ಗುಂಡಿ ಹಾಕಿದರೆ ಗುರುರಾಜನ ಕಣ್ಣು ಹೊರಗೆ ಬರುತ್ತಿದ್ದವು.

"ಕೋಟ್ ಬರಾಬರ್ ಹೈ ಸಾಬ್," ಎಂದ ಮಾಸ್ಟರ್. "ಸಾಂಸ್ ನಕ್ಕೋ ಲೇವ್, ಬಸ್."

ಉಸಿರಾಡಬೇಡಿ ಎಂದು ಹೇಳುವ ದರ್ಜಿಗೂ ಬೇರೆ ದಿನವಾದರೆ ಗುರುರಾಜ ಹೌದು ಎನ್ನುತ್ತಿದ್ದ. ಇವತ್ತು, ಸರಿಯಾಗುವವರೆಗೆ ಇಲ್ಲಿಂದ ಅಲ್ಲಾಡುವುದಿಲ್ಲ ಎಂದು ಸ್ಟೂಲು ಎಳೆದುಕೊಂಡು ಕೂತ. "ಠೀಕ್ ಹೋನೇ ತಕ್ ಮೈ ಇಧರ್ ಸೇ ಹಿಲ್ತಾ ನಹೀ!"

"ಬೈಠೋ," ಎಂದು ಮಾಸ್ಟರ್ ಊಟಕ್ಕೆ ಹೋದ.

ಹೋದವನು ಬೇಗ ಬರಲಿಲ್ಲ. ಕರೆಂಟು ಹೋಯಿತು. ಸೀರೆ ಕೊಳ್ಳಲು ಬಂದವರು ಅಂಗಡಿಯ ಬಾಗಿಲಲ್ಲಿ ಅಲ್ಲಾಡದೆ ಕೂತ ಗುರುರಾಜನನ್ನು ಬೊಂಬೆ ಎಂದು ತಿಳಿದು ಅವನ ಅಂಗಿಯ ಬಟ್ಟೆ ಮುಟ್ಟಿ ನೋಡಿದರು. ಊಟಕ್ಕಾದರೂ ಏಳೋಣವೆಂದರೆ ಹಿಲ್ತಾ ನಹೀ ಎಂದು ಹೇಳಿ ಆಗಿತ್ತಲ್ಲ! ಕೊನೆಗೆ ಮಾಸ್ಟರ್ ಬಂದು, ಕೋಟಿನ ಎರಡೂ ಪಕ್ಕ ಬಿಚ್ಚಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಮೈತುಂಬ ಸೀಮೆಸುಣ್ಣದ ಗೆರೆ ಎಳೆದ. ಅಷ್ಟರಲ್ಲಿ ಸಂದರ್ಶನದ ಹೊತ್ತಾಯಿತು. "ಬರಾಬರ್ ಹೋ ಗಯಾ" ಎಂದ ಮಾಸ್ಟರ್. ಗುರುರಾಜ ಕನ್ನಡಿ ನೋಡದೆ ನಂಬಿದ. ಅವನ ಮಾತೂ ಉಳಿಯಿತು, ದರ್ಜಿಯ ಮಾತೂ ಉಳಿಯಿತು. ಕೋಟಿನ ಗತಿ ಮಾತ್ರ ಕೇಳುವ ಹಾಗಿರಲಿಲ್ಲ. ಅದನ್ನೇ ತೊಟ್ಟು ಆಟೋದಲ್ಲಿ ಕಚೇರಿಗೆ ಓಡಿದ.

ಗೇಟಿನ ಕಾವಲುಗಾರ ದಿನವೂ ಎದ್ದು ಸಲಾಮು ಹೊಡೆಯುವವನು. ಇವತ್ತು ಗುರುರಾಜನನ್ನು ಕಂಡವನೇ ಕುರ್ಚಿಯ ಹಿಂದೆ ಅಡಗಿದ.

"ಸಾರ್! ಮೀರು ಚನಿಪೋಯಾರು ಕದಾ!"

ನೀವು ಸತ್ತುಹೋದಿರಲ್ಲವೇ ಎಂದು ಸತ್ತವನನ್ನೇ ಕೇಳುವುದು ಎಲ್ಲಿಯ ಮರ್ಯಾದೆ? ಈ ಮನುಷ್ಯ ಹಗಲಲ್ಲೇ ಕುಡಿದಿದ್ದಾನೆ ಎಂದುಕೊಂಡು ಗುರುರಾಜ ಒಳಗೆ ನಡೆದ. ಮೇಜುಗಳೆಲ್ಲ ಖಾಲಿ. ಸಭಾಂಗಣದಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಬಾಗಿಲ ಸಂದಿಯಲ್ಲಿ ಇಣುಕಿದವನು ಅಲ್ಲಿಯೇ ನಿಂತ.

ವೇದಿಕೆಯ ಮೇಲೆ ಅವನ ಫೋಟೋ ಇತ್ತು. ನಿನ್ನೆಯ ತರಬೇತಿಯಲ್ಲಿ ತೆಗೆದದ್ದು, ತಪ್ಪು ವಾಕ್ಯ ಹೇಳಲು ಬಾಯಿ ತೆರೆದ ಭಂಗಿಯದು. ಅದಕ್ಕೆ ಗಂಧದ ಹಾರ. ಮುಂದಿನ ಸಾಲಿನಲ್ಲಿ ಗಚ್ಚಿಬೌಲಿಯ ಸುಬ್ಬರಾಯ ಕಾಲ ಮೇಲೆ ಕಾಲು ಹಾಕಿ ಕೂತು ಫೋನಿನಲ್ಲಿ ಪಿಸುಗುಡುತ್ತಿದ್ದ: "ಹಾಂ, ಐಸ್ ಪೆಟ್ಟಿಗಿ ಒಂದು. ಆಳು ಅಷ್ಟೇನ ಉದ್ದ ಇಲ್ಲ, ಸಣ್ಣದ ಸಾಕು."

ಹಾಗಾದರೆ ಅತ್ತೆ ಫೋನು ಹಚ್ಚೇಬಿಟ್ಟರು! ಸ್ವಂತ ಅಣ್ಣನಂತಿದ್ದ ಸುಬ್ಬರಾಯನ ಮುಖವನ್ನು ಅವನು ಆಸೆಯಿಂದ ಹುಡುಕಿದ. ಒಂದು ಹನಿ? ಅರ್ಧ ಹನಿ? ಇಲ್ಲ. ಕಣ್ಣುಗಳು ಏಪ್ರಿಲ್ ತಿಂಗಳ ಹುಸೇನ್ ಸಾಗರ ಕೆರೆಯ ದಂಡೆಯ ಹಾಗೆ ಒಣಗಿದ್ದವು. ಗುರುರಾಜನಿಗೆ ತಾನು ಸತ್ತ ಸುದ್ದಿಗಿಂತ ಇದು ಹೆಚ್ಚು ನೋವು ಮಾಡಿತು.

ಅಷ್ಟರಲ್ಲಿ ರಾಮಕೃಷ್ಣ ಸಾಹೇಬರು ಮೈಕಿನ ಮುಂದೆ ಬಂದರು. ಅವರು ಇಂಗ್ಲಿಷಿನಲ್ಲಿ ಗದ್ಗದಿತರಾಗಿ ಹೇಳಿದ್ದರ ಸಾರ ಇಷ್ಟು: ಗುರುರಾಜನಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ. ಇಷ್ಟು ವರ್ಷಗಳ ನೌಕರಿಯಲ್ಲಿ ಒಮ್ಮೆಯೂ 'ಇಲ್ಲ' ಎಂದವನಲ್ಲ. ಹೇಳಿದಲ್ಲಿ ಸಹಿ, ತೋರಿಸಿದಲ್ಲಿ ಕುರ್ಚಿ. ಇವತ್ತಿನ ಸಂದರ್ಶನ ಬರೀ ನೆಪ. ಮುಖ್ಯಸ್ಥನ ಜಾಗಕ್ಕೆ ಅವನನ್ನೇ ಆರಿಸಿ ಮೇಲಿನವರಿಗೆ ತಿಳಿಸಿಯೂ ಆಗಿತ್ತು. ವಿಧಿ ಅಡ್ಡ ಬಂತು.

ಸಿಕ್ಕಿತ್ತು! ಜಾಗ ಆಗಲೇ ಸಿಕ್ಕಿತ್ತು! ಗುರುರಾಜ ಬಾಗಿಲು ದೂಡಿ ಒಳಗೆ ನುಗ್ಗಿದ. "ಸರ್! ನಾ ಇದ್ದೀನ್ರಿ ಸರ್!"

ಸೀಮೆಸುಣ್ಣ ಮೆತ್ತಿದ ಕರಿಕೋಟು, ಪಕ್ಕೆಗಳಿಂದ ಇಳಿಬಿದ್ದ ಬಿಳಿ ದಾರ, ಹಸಿವಿನಿಂದ ಬಿಳಿಚಿದ ಮುಖ. ಸತ್ತವನು ಎದ್ದು ಬಂದರೆ ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವಿರಲಿಲ್ಲ. ಹೆಣ್ಣುಮಕ್ಕಳು ಚೀರಿದರು, ಗಂಡಸರು ಅವರಿಗಿಂತ ಜೋರಾಗಿ ಚೀರಿದರು. ಸಾಹೇಬರು ಮೈಕನ್ನು ತಬ್ಬಿಕೊಂಡರು. ಸುಬ್ಬರಾಯ ಒಬ್ಬನೇ ಕೂತಲ್ಲಿಂದ, "ಗುರ್ಯಾ, ಮೊದಲ ಹೇಳಬಾರದೇನೋ? ಐಸ್ ಪೆಟ್ಟಿಗಿ ಈಗ ವಾಪಸ್ ತಗೊಳಂಗಿಲ್ಲ" ಎಂದ.

"ಅಣ್ಣಾ, ನಿನಗ ಹೇಳಿದವರು ಯಾರು?"

"ನಿಮ್ಮತ್ತಿ. ಗುರುರಾಜ ಹೋದ ಅಂದ್ರು. ಈಗ ಎಲ್ಲಿ ಅದಾನ ಅಂದೆ. ಆಫೀಸಿನ್ಯಾಗ ಅಂದ್ರು. ಇಲ್ಲಿ ಬಂದು ಕೇಳಿದರ ಇವರು, ಇನ್ನೂ ಬಂದಿಲ್ಲ ಅಂದ್ರು. ನಿನ್ನ ಫೋನ್ ಹಚ್ಚಿದರ ಬಂದ್. ಹಾದ್ಯಾಗ ಆತು ಅಂತ ಎಲ್ಲಾರೂ ತಿಳಕೊಂಡ್ವಿ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುದುಕಿ ಎರಡನೇ ಪ್ರಶ್ನೆಗೇ ನಿಜ ಹೇಳಿಬಿಟ್ಟಿದ್ದರು! ಆ ಹೊತ್ತಿಗೆ ಸರಿಯಾಗಿ ಸುಬ್ಬರಾಯನ ಫೋನು ಮೊಳಗಿತು. ಅವನು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಸಾವಿತ್ರಮ್ಮನ ದನಿ ಸಭಾಂಗಣವನ್ನು ತುಂಬಿತು.

"ಸುಬ್ಬರಾಯರ, ಅತ್ತೀರೇನ್ರಿ?"

"ಪುರಸೊತ್ತು ಎಲ್ಲೈತ್ರಿ? ವ್ಯವಸ್ಥಾ ಮಾಡಾಕತ್ತೀನಿ."

"ಯಾರರ ಅತ್ತಾರೇನು? ಒಬ್ಬರು ಅತ್ತರ ಸಾಕಾಗಿತ್ತು. ಮುಂಜಾನಿಂದ ಕಾಯಾಕತ್ತೀನಿ."

ಸಭೆ ಒಬ್ಬರ ಮುಖವನ್ನೊಬ್ಬರು ನೋಡಿತು. ಆಗ ಹಿಂದಿನ ಸಾಲಿನಿಂದ ಬಿಕ್ಕುವ ಸದ್ದು ಕೇಳಿಬಂತು. ಅದು ವಿಶ್ವಜಿತ್. ಮುಖ್ಯಸ್ಥನ ಜಾಗಕ್ಕೆ ಗುರುರಾಜನ ಪ್ರತಿಸ್ಪರ್ಧಿ. ಕಣ್ಣು ಕೆಂಪಾಗಿ ಮುಖವೆಲ್ಲ ತೊಯ್ದಿತ್ತು. ಕರ್ಚೀಫಿನಲ್ಲಿ ಮುಖ ಹುದುಗಿಸಿದ್ದರಿಂದ ಸತ್ತವನು ಬಂದದ್ದೂ ಅವನಿಗೆ ಕಂಡಿರಲಿಲ್ಲ. "ಅಯ್ಯೋ, ಹೋದ್ರಲ್ರಿ!" ಎಂದು ಗೊಳೋ ಅಂದ. ಗುರುರಾಜನಿಗೆ ಹೃದಯ ತುಂಬಿ ಬಂತು. ತಾನು ವೈರಿ ಎಂದುಕೊಂಡವನೇ ತನಗಾಗಿ ಅಳುತ್ತಿದ್ದಾನಲ್ಲ! ವಿಶ್ವಜಿತ್ ಮುಂದುವರಿಸಿದ: "ನನ್ನ ಫೈಲ್ ಎಲ್ಲಾ ಅವರ ಕಡೆ ಅದಾವು! ಇನ್ನ ಅವನ್ನ ನಾನ ನೋಡಬೇಕಾತಲ್ಲೋ ದೇವರ!"

"ಅತ್ತರು! ಯಾರೋ ಅತ್ತರು!" ಎಂದು ಫೋನಿನಲ್ಲಿ ಸಾವಿತ್ರಮ್ಮ ಹಿಗ್ಗಿದರು. "ದೋಷ ಹೋತು! ನಮ್ಮ ಅಳಿಯಂದ್ರು ಗಟ್ಟಿಮುಟ್ಟ ಅದಾರ್ರಿ, ತಲಿ ಮ್ಯಾಲ ಕಾಗಿ ಕೂತಿತ್ತು, ಅದಕ್ಕ ಸುಳ್ಳ ಹೇಳಿದೆ. ಏನ್ ಮಾಡೂದ್ರಿ, ಮುಂಜಾನೆ ಕೈ ಮುಗದು ಕೇಳಿದ್ವಿ, ಹೂಂ ಅನಲಿಲ್ಲ. ಹೇಂತಿ ಅತ್ತಳು, ಬಗ್ಗಲಿಲ್ಲ. ಕಲ್ಲಿನಂಥಾ ಮನಷ್ಯಾ! ತಾ ಹೇಳಿದ್ದ ಖರೆ, ಬ್ಯಾರೆಯವರ ಮಾತು ಕಿವಿಮ್ಯಾಲ ಹಾಕ್ಕೊಳಂಗಿಲ್ಲ!"

ಅತ್ತೆ ದೂರಿದ್ದು ಗುರುರಾಜನಿಗೆ ಬಿರುದು ಕೊಟ್ಟಂತೆ ಕೇಳಿಸಿತು. ಸಂದರ್ಶನಕ್ಕೆ ಇದಕ್ಕಿಂತ ಶಿಫಾರಸು ಬೇಕೇ? ಎದೆ ಸೆಟೆದು ಸಾಹೇಬರ ಕಡೆ ತಿರುಗಿದ. ಕಚ್ಚಾ ಹೊಲಿಗೆ ಪಟಪಟನೆ ಕಿತ್ತಿತು.

"ಹೌದ್ರಿ ಸರ್, ಖರೆ. ನಿನ್ನೆ ಕಲಿಸಿದ್ರಲ್ಲ, ಸ್ಟಿಕ್ ಟು ಯುವರ್ ಗನ್ಸ್. ಮುಂಜಾನಿಂದ ಒಂದ ಮಾತಿನ ಮ್ಯಾಲ ನಿಂತೀನಿ. ಹೇಂತಿ, ಅತ್ತಿ, ನೆರಿಯವರು, ದರ್ಜಿ, ಯಾರಿಗೂ ಬಗ್ಗಲಿಲ್ಲ."

ಸಾಹೇಬರ ಮುಖದಲ್ಲಿ, ಬದುಕಿ ಬಂದವನನ್ನು ಕಂಡು ಮೂಡುತ್ತಿದ್ದ ನಗು ಅರ್ಧಕ್ಕೇ ನಿಂತಿತು. ಅವರು ಗುರುರಾಜನ ಭುಜ ಹಿಡಿದು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಏನ್ರೀ ಗುರುರಾಜ್ ಇದು? ನಿಮ್ಮನ್ನ ಎಂಥ ಒಳ್ಳೇ ಮನುಷ್ಯ ಅಂದ್ಕೊಂಡಿದ್ದೆ."

"ಯಾಕ್ರಿ ಸರ್?"

"ಆ ತರಬೇತಿ ಮೇಲಿನವರು ಮಾಡಿಸಿ ಅಂತ ಹೇಳಿದ್ದಕ್ಕೆ ಮಾಡಿಸಿದ್ದು. ಅದನ್ನ ಯಾರಾದರೂ ಮನೆಗೆ ತಗೊಂಡು ಹೋಗ್ತಾರೇನ್ರೀ? ನಮ್ಮದು ಹೌದಪ್ಪನ ಚಾವಡಿ. ಇಲ್ಲಿ ಅಲ್ಲಪ್ಪನನ್ನ ಕೂರಿಸಿಕೊಂಡು ನಾನೇನು ಮಾಡಲಿ? ಕೈ ಮುಗಿದು ಕೇಳಿದ ಅತ್ತೆಗೇ ಬಗ್ಗದವರು, ನಾಳೆ ನಾನು ಇಲ್ಲಿ ಸಹಿ ಹಾಕಿ ಅಂದ್ರೆ ಹಾಕ್ತೀರಾ?"

ಯಾವುದನ್ನು ಬಿಡಲೆಂದು ಮುಂಜಾನೆಯಿಂದ ಗುರುರಾಜ ಊಟವಿಲ್ಲದೆ ಒದ್ದಾಡಿದನೋ ಅದೇ ಗುಣಕ್ಕೆ ಅವನಿಗೆ ಕುರ್ಚಿ ಸಿಕ್ಕಿತ್ತು! ಎಷ್ಟೋ ವರ್ಷಗಳ ಆಸೆ ಕಣ್ಣೆದುರೇ ಜಾರಿಹೋಗುತ್ತಿತ್ತು. ಅವನು ಎರಡೂ ಕೈ ಜೋಡಿಸಿದ.

"ಹಾಕ್ತೀನ್ರಿ ಸರ್! ಎಲ್ಲಿ ಬೇಕಾದ್ರೂ ಹಾಕ್ತೀನಿ! ಆ ನಿಲುವು ಗಿಲುವು ಎಲ್ಲಾ ಈಗಿಂದೀಗ ಬಿಟ್ಟೆ. ಕಾಗಿ ಬಗ್ಗೆ ಅತ್ತಿ ಹೇಳಿದ್ದ ಖರೆ. ನೀವು ಹೇಳಿದ್ದೂ ಖರೆ."

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಧಾನವಾಗಿ ತಲೆಯಾಡಿಸಿದರು.

"ನೋಡಿದ್ರಾ? ಸಂಜೆವರೆಗೂ ನಿಲ್ಲಲಿಲ್ಲ ನಿಮ್ಮ ಮಾತು. ಇವತ್ತು ನನ್ನ ಮುಂದೆ ಬಿಟ್ಟವರು ನಾಳೆ ಇನ್ನೊಬ್ಬ ಮ್ಯಾನೇಜರ್ ಮುಂದೆ ನನ್ನನ್ನೂ ಬಿಡ್ತೀರಿ. ಬಗ್ಗೋರೂ ಅಲ್ಲ, ನಿಲ್ಲೋರೂ ಅಲ್ಲ. ನಿಮ್ಮನ್ನ ನಂಬೋದು ಹೇಗ್ರೀ?"

ಗುರುರಾಜ ಬಾಯಿ ತೆರೆದ. ಫೋಟೋದಲ್ಲಿ ಇದ್ದಂತೆಯೇ ನಿಂತ. ಸಾಹೇಬರು ಬಾಗಿಲು ತೆರೆದು ವಿಶ್ವಜಿತ್‌ನನ್ನು ಕರೆದರು. ಅವನು ಮೂಗು ಒರೆಸುತ್ತ ಒಳಗೆ ಬಂದು, ಗುರುರಾಜನನ್ನು ಕಂಡು, ತನ್ನ ಫೈಲುಗಳನ್ನು ನೋಡುವವರು ಬದುಕಿದ್ದಾರೆಂದು ತಿಳಿದು ನಿಜವಾದ ಆನಂದದಿಂದ ಅಪ್ಪಿಕೊಂಡ.

"ಗುರುರಾಜ್, ಆ ಜಾಗ ವಿಶ್ವಜಿತ್‌ಗೆ ಕೊಡ್ತಿದೀನಿ," ಎಂದರು ಸಾಹೇಬರು. "ಸಹೋದ್ಯೋಗಿ ಸತ್ತರೆ ಅಳೋ ಮನಸ್ಸಾದರೂ ಇದೆ. ನೀವು ಒಪ್ತೀರಿ ತಾನೇ?"

"ಹೌದ್ರಿ ಸರ್," ಎಂದ ಗುರುರಾಜ.

ವಿಶ್ವಜಿತ್‌ಗೆ ಹಾಕಲು ಹಾರ ತರಿಸುವ ಹೊತ್ತಿರಲಿಲ್ಲ. ಸುಬ್ಬರಾಯ ಫೋಟೋದ ಮೇಲಿನ ಗಂಧದ ಹಾರವನ್ನೇ ಬಿಚ್ಚಿ ತಂದುಕೊಟ್ಟ. ಎಲ್ಲರೂ ಗುರುರಾಜನ ಕಡೆ ನೋಡಿದರು. ಅವನು ಅದನ್ನು ತೆಗೆದುಕೊಂಡು, ಕಿತ್ತುಹೋದ ಕೋಟಿನ ತೋಳನ್ನು ಮೇಲಕ್ಕೇರಿಸಿ, ಹೊಸ ಮುಖ್ಯಸ್ಥರ ಕೊರಳಿಗೆ ಹಾಕಿದ.